ಕೇಳಿದರೆ ಉತ್ತರ ಹೇಳುವ ಮಗು ಓದುವಾಗ ಯಾಕೆ ನಿಲ್ಲುತ್ತದೆ?

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ, ಕಲಿಕಾ ನ್ಯೂನತೆ ಇರಬಹುದಾದ ಮಕ್ಕಳನ್ನು ಗುರುತಿಸಲು ಜಾಸ್ತಿ ನೆರವಾಗಿರುವುದು ಒಂದು ಸರಳ ಪರೀಕ್ಷೆ. ಒಂದು ದಿನ ನಾನೇ ಕಥೆ ಓದಿ ಪ್ರಶ್ನೆ ಕೇಳುತ್ತೇನೆ. ಇನ್ನೊಂದು ದಿನ ಅಷ್ಟೇ ಸುಲಭದ ಕಥೆಯನ್ನು ಮಗುವಿನಿಂದಲೇ ಓದಿಸುತ್ತೇನೆ. ಕೇಳಿದ ಕಥೆಗೆ ಪಟಪಟನೆ ಉತ್ತರ ಕೊಟ್ಟ ಮಗು, ಓದುವಾಗ ಮೊದಲ ಸಾಲಿನಲ್ಲೇ ನಿಂತರೆ ಅದು ದೊಡ್ಡ ಸುಳಿವು. ಅಂಥ ಮಗುವಿಗೆ ಬುದ್ಧಿ ಕಡಿಮೆಯಿಲ್ಲ. ಅಕ್ಷರಕ್ಕೂ ಅದರ ಸದ್ದಿಗೂ ನಂಟು ಕೂಡದೆ ಇರಬಹುದು.

ಬರವಣಿಗೆಯನ್ನೂ ನೋಡುತ್ತೇನೆ. 'ಅಕ್ಕ' ಎನ್ನುವುದು 'ಅಕ' ಆಗುತ್ತದೆ. ದೀರ್ಘ ಬಿಟ್ಟುಹೋಗುತ್ತದೆ. ಇಂಥ ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ, ಅಲ್ವಾ? ಅದಕ್ಕೇ ದಿನಾಂಕ ಹಾಕಿ ಪುಟಗಳನ್ನು ಎತ್ತಿಡುತ್ತೇನೆ. ಚೆನ್ನಾಗಿ ಕಲಿಸಿದ ಮೇಲೂ ತಿಂಗಳುಗಟ್ಟಲೆ ಅದೇ ತಪ್ಪು ಉಳಿದಿದೆಯಾ ಎಂಬುದು ಮುಖ್ಯ. ಕಣ್ಣು, ಕಿವಿ ತಪಾಸಣೆ ಮೊದಲು ಆಗಲೇಬೇಕು. ಮನೆಯಲ್ಲಿ ಉರ್ದು, ತುಳು ಅಥವಾ ಲಂಬಾಣಿ ಆಡುವ ಮಗು ಕನ್ನಡಕ್ಕೆ ಹೊಂದಿಕೊಳ್ಳಲು ಸಮಯ ತೆಗೆದುಕೊಂಡರೆ ಅದು ನ್ಯೂನತೆಯಲ್ಲ.

ಆ ಪುಟಗಳನ್ನು ಬ್ಲಾಕಿನ ಬಿಐಇಆರ್‌ಟಿಗೆ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿಗೆ ತೋರಿಸುತ್ತೇನೆ. ನ್ಯೂನತೆ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ತಜ್ಞರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಮುಂದೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ಪ್ರಮಾಣಪತ್ರ ಬೇಕು. ಆದರೆ ಕಲಿಸಲು ಯಾವ ಪತ್ರವೂ ಬೇಡ, ಅವತ್ತೇ ಶುರು ಮಾಡುತ್ತೇನೆ.

ಇಡೀ ಕಾಗುಣಿತವನ್ನು ಒಟ್ಟಿಗೆ ಹೇರುವುದಿಲ್ಲ. ಮೊದಲು ಒಂದೇ ದೀರ್ಘ: ಕ–ಕಾ, ಮ–ಮಾ, ಲ–ಲಾ. ಬಾಯಲ್ಲಿ ಹೇಳುತ್ತಾ ಬೆರಳಿನಿಂದ ಮರಳಿನ ಮೇಲೆ ಬರೆಯಬೇಕು. ಕೂಡಲೇ 'ಕಾಲ', 'ಮಾಮ' ಓದಿಸುತ್ತೇನೆ, ಕಲಿತ ಅಕ್ಷರ ಪದದಲ್ಲಿ ಸಿಗಲಿ ಅಂತ. ಒತ್ತಕ್ಷರಕ್ಕೆ ಬೇರೆ ಬಣ್ಣ. ತರಗತಿಯಲ್ಲಿ ತಟ್ಟನೆ ಎಬ್ಬಿಸಿ ಓದಿಸುವುದಿಲ್ಲ. ಓದಬೇಕಾದ ಸಾಲನ್ನು ಹಿಂದಿನ ದಿನವೇ ತೋರಿಸಿರುತ್ತೇನೆ. ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲೇ ಕೇಳುತ್ತೇನೆ. ಅಲ್ಲಿ ಅಳೆಯಬೇಕಾದದ್ದು ವಿಷಯ, ಕಾಗುಣಿತವಲ್ಲ.

ಮನೆಯವರ ಜೊತೆ ಮಾತಾಡುವಾಗ ಮಗುವಿಗೆ ಬರುವುದನ್ನೇ ಮೊದಲು ಹೇಳುತ್ತೇನೆ. "ನಿಮ್ಮ ಮಗಳು ಸೋಮಾರಿ ಅಲ್ಲಮ್ಮಾ. ಪಾಠ ಪೂರ್ತಿ ಅರ್ಥವಾಗಿದೆ, ಓದೋಕೆ ಬೇರೆ ದಾರಿ ಬೇಕು ಅಷ್ಟೆ." ಕೆಲವು ಅಪ್ಪಂದಿರು "ನನಗೂ ಹೀಗೇ ಇತ್ತು ಮೇಡಂ" ಅನ್ನುತ್ತಾರೆ. ಇದು ಎಷ್ಟೋ ಸಲ ಕುಟುಂಬದಲ್ಲೇ ಬರುತ್ತದೆ. ತಪ್ಪಿದ ಪದವನ್ನು ಸುಮ್ನೆ ನೂರು ಸಲ ಬರೆಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ರಾತ್ರಿ ಯಾರಾದರೂ ಒಂದು ಪುಟ ಓದಿ ಹೇಳಿದರೆ ಸಾಕು. ಓದಲು ಬರುವವರು ಮನೆಯಲ್ಲಿ ಇಲ್ಲದಿದ್ದರೆ ಮೊಬೈಲಿನಲ್ಲಿ ನಾನೇ ಓದಿ ಕಳಿಸುತ್ತೇನೆ.