ಡೊಂಬಿವಲಿಯ ಮಕ್ಕಳ ಮೈನ್‌ಕ್ರಾಫ್ಟ್ ಸರ್ವರ್: ನನ್ನ ಅನುಭವ

2020ರ ಲಾಕ್‌ಡೌನ್‌ನಲ್ಲಿ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕೆಲವು ಕನ್ನಡ ಮನೆಗಳ ಮಕ್ಕಳು ಒಟ್ಟಿಗೆ ಆಡಲೆಂದು ಇಟ್ಟಿಗೆಯಂಥ ಘನಗಳಿಂದ ಜಗತ್ತು ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ಗೆ ಒಂದು ಸರ್ವರ್ (ಎಲ್ಲರೂ ಸೇರುವ ಆ ಜಗತ್ತನ್ನು ನಡೆಸುವ ಯಂತ್ರ) ಶುರು ಮಾಡಿದೆ. ಅದು ಇಂದಿಗೂ ನಡೆಯುತ್ತಿದೆ. ಇಂಥದ್ದನ್ನು ಕಟ್ಟಿ ನಿಲ್ಲಿಸುವುದು ಒಂದು ಸಂಜೆಯ ಕೆಲಸ. ಅದು ದೊಡ್ಡದಾಗದಂತೆ ಕಾಯುವುದು ವರ್ಷಗಟ್ಟಲೆಯ ಕೆಲಸ. ನಾನು ಮಾಡಿದ ಬಹುತೇಕ ಆಯ್ಕೆಗಳು ಈ ಎರಡನೆಯದರಿಂದಲೇ ಹುಟ್ಟಿದವು.

ಮನೆಯ ಹಳೆಯ ಕಂಪ್ಯೂಟರಿನಲ್ಲೇ ನಡೆಸುವ ವಿಚಾರಕ್ಕೆ ಬ್ರಾಡ್‌ಬ್ಯಾಂಡ್ ಒಪ್ಪಲಿಲ್ಲ. ಒಂದೇ ಸಾರ್ವಜನಿಕ ಇಂಟರ್ನೆಟ್ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವ ಸಿಜಿನ್ಯಾಟ್ ಏರ್ಪಾಡು ಇದ್ದರೆ, ರೂಟರಿನಲ್ಲಿ ಮೈನ್‌ಕ್ರಾಫ್ಟ್ ಬಳಸುವ 25565ನೇ ಪೋರ್ಟನ್ನು (ಸಂಪರ್ಕದ ಬಾಗಿಲನ್ನು) ತೆರೆದಿಟ್ಟು ಕುಳಿತರೂ ಹೊರಗಿನವರು ಒಳಗೆ ಬರಲಾರರು. ರೂಟರು ತೋರಿಸುವ ಹೊರವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ ನಿಮ್ಮದೂ ಅದೇ ಕಥೆ. ಹಾಗಾಗಿ ಮುಂಬೈನಲ್ಲೇ ಇರುವ ಡೇಟಾ ಕೇಂದ್ರವೊಂದರಲ್ಲಿ ಬಾಡಿಗೆ ಯಂತ್ರ ಹಿಡಿದೆ. ಬಾಡಿಗೆಗೆ ಕೊಡುವವರು ಕೋರ್‌ಗಳ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳ) ಸಂಖ್ಯೆಯನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ; ಅದಕ್ಕೆ ಮರುಳಾಗಬೇಕಿಲ್ಲ. ಆಟದ ಮುಖ್ಯ ಲೆಕ್ಕಾಚಾರ ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದರ ಹಿಂದೊಂದಾಗಿ ಒಂದೇ ಸಾಲಿನಲ್ಲಿ, ನಡೆಯುವುದರಿಂದ ಒಂದು ಕೋರ್ ಎಷ್ಟು ಚುರುಕು ಎಂಬುದೇ ಮುಖ್ಯ. ಹತ್ತು ಹನ್ನೆರಡು ಮಕ್ಕಳಿಗೆ, ಸರ್ವರನ್ನು ಓಡಿಸುವ ತಂತ್ರಾಂಶವಾದ ಜಾವಾಕ್ಕೆ 4 ಜಿಬಿ ಮೆಮೊರಿ ಕೊಟ್ಟರೆ ನಡೆಯುತ್ತದೆ. ಇರುವ ಮೆಮೊರಿಯನ್ನೆಲ್ಲ ಜಾವಾಕ್ಕೇ ಸುರಿದರೆ ಆಪರೇಟಿಂಗ್ ಸಿಸ್ಟಂಗೆ ಉಸಿರಾಡಲು ಜಾಗವಿರುವುದಿಲ್ಲ.

ಮೂಲ ಸರ್ವರ್ ತಂತ್ರಾಂಶದ ಬದಲು ಅದರದೇ ಚುರುಕುಗೊಳಿಸಿದ ರೂಪವಾದ ಪೇಪರ್ ಹಾಕಿಕೊಂಡಿದ್ದೇನೆ. ನಮ್ಮ ಹೆಚ್ಚಿನ ಮಕ್ಕಳ ಕೈಯಲ್ಲಿರುವುದು ಅಪ್ಪ ಅಮ್ಮಂದಿರ ಮೊಬೈಲ್. ಅಲ್ಲಿ ಓಡುವುದು ಬೆಡ್‌ರಾಕ್ ಆವೃತ್ತಿ. ಅದನ್ನು ಕಂಪ್ಯೂಟರಿನ ಜಾವಾ ಆವೃತ್ತಿಯ ಸರ್ವರಿಗೆ ಕೂಡಿಸಲು ಗೈಸರ್ ಮತ್ತು ಫ್ಲಡ್‌ಗೇಟ್ ಎಂಬ ಎರಡು ಪ್ಲಗಿನ್‌ಗಳಿವೆ (ಸರ್ವರಿಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳು). ಮೊಬೈಲಿನಿಂದ ಬಂದವರ ಹೆಸರಿನ ಮುಂದೆ ಫ್ಲಡ್‌ಗೇಟ್ ಒಂದು ಚುಕ್ಕಿ ಇಡುತ್ತದೆ. ಕಂಪ್ಯೂಟರ್ ಇರುವ ಮಕ್ಕಳು ಉಳಿದವರನ್ನು ‘ಚುಕ್ಕಿಯವರು’ ಎಂದು ಕರೆಯತೊಡಗಿದಾಗ ಅದನ್ನು ತೆಗೆದುಬಿಡೋಣ ಎನಿಸಿತು. ಆದರೆ ಆ ಚುಕ್ಕಿಯಿಂದಲೇ ಎರಡು ಕಡೆಯ ಒಂದೇ ಹೆಸರುಗಳು ಡಿಕ್ಕಿ ಹೊಡೆಯದೆ ಉಳಿಯುತ್ತವೆ. ಉಳಿಸಿಕೊಂಡೆ, ಅಡ್ಡಹೆಸರು ತಾನಾಗಿಯೇ ಹಳತಾಯಿತು.

ತಂದೆ ತಾಯಂದಿರ ಜೊತೆ ಅತಿ ಹೆಚ್ಚು ವಾದ ನಡೆದದ್ದು ಆನ್‌ಲೈನ್ ಮೋಡ್ ಬಗ್ಗೆ, ಅಂದರೆ ಬಂದವರ ಖಾತೆ ಅಸಲಿಯೇ ಎಂದು ಪರೀಕ್ಷಿಸುವ ಏರ್ಪಾಡಿನ ಬಗ್ಗೆ. ಅದನ್ನು ಆಫ್ ಮಾಡಿದರೆ ಖಾತೆ ಕೊಳ್ಳದವರೂ ಆಡಬಹುದು. ಆದರೆ ಆಗ ಬಂದವನು ತಾನು ಯಾರೆಂದು ಹೇಳಿದರೆ ಸರ್ವರ್ ಅದನ್ನೇ ನಂಬುತ್ತದೆ. ನನ್ನ ಹೆಸರನ್ನು ಟೈಪಿಸಿದವನು ನಾನೇ ಆಗಿಬಿಡುತ್ತಾನೆ, ನನ್ನ ಅಧಿಕಾರದ ಸಮೇತ. ಒಳಗೆ ಬಿಡಬಹುದಾದವರ ಹೆಸರುಗಳ ವೈಟ್‌ಲಿಸ್ಟ್ ಇದ್ದೂ ಪ್ರಯೋಜನವಿಲ್ಲ. ಅಂತರ್ಜಾಲದ ವಿಳಾಸಗಳನ್ನೆಲ್ಲ ತಡಕಾಡುತ್ತ ತೆರೆದ ಮೈನ್‌ಕ್ರಾಫ್ಟ್ ಪೋರ್ಟ್‌ಗಳನ್ನು ಹುಡುಕುವ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಹಗಲಿರುಳೂ ಓಡುತ್ತಿರುತ್ತವೆ. ಸರ್ವರಿನ ದಾಖಲೆಯಾದ ಲಾಗ್ ತೆರೆದರೆ ಗುರುತಿಲ್ಲದ ಹೆಸರುಗಳು ಬಾಗಿಲು ತಟ್ಟಿ ಹೋದದ್ದು ಕಾಣುತ್ತದೆ. ‘ಚಿಕ್ಕ ಮಕ್ಕಳ ಆಟಕ್ಕೆ ಇಷ್ಟೊಂದು ಕಾವಲೇ?’ ಎಂದು ಕೇಳಿದ ತಂದೆಯೊಬ್ಬರಿಗೆ ಆ ಲಾಗನ್ನೇ ತೋರಿಸಿದೆ. ವೈಟ್‌ಲಿಸ್ಟ್‌ಗೆ ಹೆಸರು ಸೇರಬೇಕಾದರೆ ಮನೆಯ ಹಿರಿಯರೊಬ್ಬರು ನನಗೆ ಫೋನ್ ಮಾಡಬೇಕು, ಅಷ್ಟೇ ನಿಯಮ.

ಸಿದ್ಧವಾಗಿ ಸಿಗುವ ಬೈಗುಳ ಸೋಸುವ ಪ್ಲಗಿನ್‌ಗಳನ್ನು ನಾನು ಹಾಕಿಲ್ಲ. ನಮ್ಮ ಮಕ್ಕಳು ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕನ್ನೂ ರೋಮನ್ ಅಕ್ಷರಗಳಲ್ಲಿ ಬೆರೆಸಿ ಬರೆಯುತ್ತಾರೆ. ಇಂಗ್ಲಿಷ್ ಪಟ್ಟಿ ಹಿಡಿದುಕೊಂಡ ಜರಡಿಯಲ್ಲಿ ಅಪ್ಪಟ ಮರಾಠಿ ಬೈಗುಳ ಸಲೀಸಾಗಿ ಇಳಿದುಹೋಗುತ್ತದೆ. ವಾರಕ್ಕೊಮ್ಮೆ ಚಾಟ್ ಲಾಗನ್ನು ನಾನೇ ಓದುತ್ತೇನೆ, ಓದುತ್ತೇನೆಂದು ಮಕ್ಕಳಿಗೆ ಮೊದಲೇ ಹೇಳಿದ್ದೇನೆ.

ಆಟ ತೆವಳತೊಡಗಿದರೆ ಮಕ್ಕಳು ಮೊದಲು ಬೈಯುವುದು ಇಂಟರ್ನೆಟ್ಟನ್ನು. ನಾನು ಮೊದಲು ನೋಡುವುದು ಟಿಕ್‌ಗಳನ್ನು, ಅಂದರೆ ಸರ್ವರ್ ಆಟದ ಜಗತ್ತನ್ನು ಒಂದೊಂದು ಹೆಜ್ಜೆ ಮುಂದೆ ನಡೆಸುವ ಮಿಡಿತಗಳನ್ನು. ಸರ್ವರ್ ಸೆಕೆಂಡಿಗೆ 20 ಟಿಕ್ ಹಾಕಬೇಕು; ಒಂದೊಂದಕ್ಕೂ 50 ಮಿಲಿಸೆಕೆಂಡ್ ಅವಕಾಶ. ಅದು ಮೀರಿದರೆ ಎಲ್ಲರ ಜಗತ್ತೂ ಒಟ್ಟಿಗೆ ನಿಧಾನವಾಗುತ್ತದೆ. ಒಂದು ಮಳೆಗಾಲದಲ್ಲಿ ಸಂಜೆಯಾದರೆ ಸಾಕು, ಟಿಕ್ ಭಾರ ಮಿತಿ ದಾಟುತ್ತಿತ್ತು. ಸ್ಪಾರ್ಕ್ ಎಂಬ ಪ್ಲಗಿನ್ನಿನಿಂದ ಯಾವ ಕೆಲಸ ಎಷ್ಟು ಸಮಯ ತಿನ್ನುತ್ತಿದೆ ಎಂದು ಅಳೆದು, ಆ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಏಳನೇ ತರಗತಿಯ ಹುಡುಗಿಯೊಬ್ಬಳ ಸಂತೆ. ಉದ್ದನೆಯ ಕಲ್ಲಿನ ಮಂಟಪ, ಎರಡೂ ಬದಿಗೆ ಗೂಡುಗಳು, ಗೂಡಿಗೊಬ್ಬ ಹಳ್ಳಿಗ (ಆಟವೇ ನಡೆಸುವ, ವ್ಯಾಪಾರ ಮಾಡುವ ಪಾತ್ರ), ಅವನ ಎದುರಿಗೊಂದು ಪುಸ್ತಕಪೀಠ, ಮೇಲೆ ಅವಳ ಕೈಬರಹದ ದರಪಟ್ಟಿ. ಹಳ್ಳಿಗರು ಅಲುಗಾಡಲಾಗದೆ ನಿಂತಿದ್ದರೂ ಪ್ರತಿಯೊಬ್ಬನೂ ಕ್ಷಣಕ್ಷಣಕ್ಕೂ ಹಾಸಿಗೆಗೆ, ಕೆಲಸಕ್ಕೆ ದಾರಿ ಹುಡುಕುತ್ತಲೇ ಇರುತ್ತಾನೆ. ಯಂತ್ರವನ್ನು ದಣಿಸುತ್ತಿದ್ದದ್ದು ಅದೇ. ‘ಮಾಮ, ಒಬ್ಬನನ್ನೂ ತೆಗೆಯುವ ಹಾಗಿಲ್ಲ, ಒಬ್ಬೊಬ್ಬನ ದರ ಇಳಿಸಲು ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತಾ?’ ಎಂದಳು. ನ್ಯಾಯವಾದ ಮಾತೇ. ಆಟಗಾರನ ಸುತ್ತ ಎಷ್ಟು ದೂರದವರೆಗೆ ಜಗತ್ತು ಚಲಿಸಬೇಕೆಂದು ಹೇಳುವ ಸಿಮ್ಯುಲೇಶನ್ ದೂರವನ್ನು 10 ಚಂಕ್‌ಗಳಿಂದ (ಜಗತ್ತನ್ನು ಸೀಳಿದ ಚೌಕದ ತುಂಡುಗಳಿಂದ) 6ಕ್ಕೆ ಇಳಿಸಿದೆ, ಅವಳು ಅರ್ಧ ಸಂತೆಯನ್ನು ನದಿಯ ಆಚೆ ಸಾಗಿಸಿದಳು. ಎಲ್ಲರೂ ಸುತ್ತಾಡುವ ಜಾಗದಿಂದ ದೂರವಾದ್ದರಿಂದ ಅಲ್ಲಿ ಯಾರೂ ಇಲ್ಲದಾಗ ಆ ಹಳ್ಳಿಗರು ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ. ಜಗತ್ತು ಎಲ್ಲಿಯವರೆಗೆ ಕಾಣಬೇಕೆಂಬ ನೋಟದ ದೂರವನ್ನು ಮಾತ್ರ 8ರಲ್ಲಿಟ್ಟೆ. ದೂರದ ಗುಡ್ಡ ಕಾಣದಿದ್ದರೆ ಮಕ್ಕಳು ಗೊಣಗುತ್ತಾರೆ, ಆದರೆ ದೂರದ ಹಸು ನಡೆದಾಡದಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ.

ಮನೆ ಮುರಿದ, ಪೆಟ್ಟಿಗೆಯಿಂದ ವಜ್ರ ಕದ್ದ ದೂರುಗಳಿಗೆ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್ ಇದೆ. ತಪಾಸಣೆಯ ಆಜ್ಞೆ ಕೊಟ್ಟು ಗೋಡೆಯನ್ನು ಒಮ್ಮೆ ಕುಟ್ಟಿದರೆ ಆ ಜಾಗದಲ್ಲಿ ಯಾರು ಯಾವಾಗ ಏನು ಇಟ್ಟರು, ಏನು ತೆಗೆದರು ಎಂಬ ಸಾಲುಗಳು ಬರುತ್ತವೆ. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಹಿಂದಿನಂತೆ ಮಾಡಬಹುದು, ಆದರೆ ನಾನು ತಕ್ಷಣ ಮಾಡುವುದಿಲ್ಲ. ಮುರಿದವನನ್ನು ಕರೆಸಿ ಅವನಿಂದಲೇ ಕಟ್ಟಿಸುತ್ತೇನೆ. ಇಬ್ಬರು ಹಿರಿಯ ಹುಡುಗರಿಗೆ ಹಕ್ಕುಗಳನ್ನು ಹಂಚುವ ಲಕ್‌ಪರ್ಮ್ಸ್ ಪ್ಲಗಿನ್ ಮೂಲಕ ತಪಾಸಣೆಯ ಹಕ್ಕು ಮಾತ್ರ ಕೊಟ್ಟಿದ್ದೇನೆ, ಹಿಂತಿರುಗಿಸುವ ಹಕ್ಕಿಲ್ಲ.

ಹವಾಮಾನ ಇಲಾಖೆ ಮಳೆಯ ರೆಡ್ ಅಲರ್ಟ್ ಕೊಟ್ಟ ಕಾರಣ ಶಾಲೆಗಳಿಗೆ ರಜೆ ಸಿಕ್ಕ ದಿನವೇ ಸರ್ವರ್ ತುಂಬಿ ತುಳುಕುವ ದಿನ. ಆಗ ನಾನು ಎಲ್ಲೋ ನಿಂತ ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ದೂರದಿಂದಲೇ ಯಂತ್ರಕ್ಕೆ ಆಜ್ಞೆ ಕೊಡಲು ಬಿಡುವ ಎಸ್‌ಎಸ್‌ಎಚ್ ಮೂಲಕ ಸರ್ವರಿನ ಒಳಹೊಕ್ಕಿರುತ್ತೇನೆ. ಸಿಗ್ನಲ್ ಹೋದರೆ ಸಂಪರ್ಕದ ಜೊತೆ ಸರ್ವರೂ ಮಲಗಬಾರದು. ಅದಕ್ಕೇ ಅದನ್ನು, ಸಂಪರ್ಕ ಕಡಿದರೂ ಒಳಗಿನ ಕೆಲಸ ನಿಲ್ಲಿಸದ ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೆ ಓಡಿಸುತ್ತೇನೆ. ಬೆಳಗಿನ ಜಾವದ ಮರುಚಾಲನೆ ಮತ್ತು ಬ್ಯಾಕಪ್ ತಾವಾಗಿಯೇ ನಡೆಯುತ್ತವೆ. ಬ್ಯಾಕಪ್‌ಗೆ ಮುಂಚೆ ಸರ್ವರ್ ತಾನಾಗಿ ಸೇವ್ ಮಾಡುವುದನ್ನು ತಡೆಹಿಡಿದು, ಮೆಮೊರಿಯಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆಸಿ, ನಕಲು ಮುಗಿದ ಮೇಲೆ ಮತ್ತೆ ಚಾಲೂ ಮಾಡಬೇಕು. ಬರೆಯುತ್ತಿರುವಾಗಲೇ ನಕಲು ಮಾಡಿದರೆ 32 ಚಂಕ್‌ಗಳ ಚೌಕದ ಕಡತ ಅರ್ಧ ಹಳತು, ಅರ್ಧ ಹೊಸತಾಗಿ ಹಾಳಾಗಬಹುದು. ತಿಂಗಳಿಗೊಮ್ಮೆ ಆ ನಕಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಒಳಗೆ ನಡೆದಾಡಿ ಬರುತ್ತೇನೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎನ್ನುವುದಿಲ್ಲ.

ಹೊಸ ಆವೃತ್ತಿಗೆ ಏರುವುದನ್ನು ಮೇ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಮಕ್ಕಳು ಉಡುಪಿ, ಕುಂದಾಪುರದ ಕಡೆ ಊರಿಗೆ ಹೋಗಿರುತ್ತಾರೆ. ಏರಿದ ಜಗತ್ತನ್ನು ಸುರಕ್ಷಿತವಾಗಿ ಕೆಳಗಿಳಿಸಲಾಗುವುದಿಲ್ಲ, ಜಾವಾ ಕೂಡ ಬದಲಾಗುತ್ತಿರುತ್ತದೆ: 1.18ಕ್ಕೆ ಜಾವಾ 17, 1.20.5ರಿಂದ ಜಾವಾ 21. ಭದ್ರತೆಯ ವಿಷಯಕ್ಕೆ ಮಾತ್ರ ಮೇ ತಿಂಗಳಿಗೆ ಕಾಯುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ, ಲಾಗ್ ಬರೆಯಲು ಆಟ ಬಳಸುವ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಹೊರಬಿದ್ದಾಗ, ಚಾಟ್‌ನಲ್ಲಿ ಒಂದು ಸಾಲು ಬರೆದೇ ಸರ್ವರನ್ನು ವಶಪಡಿಸಿಕೊಳ್ಳಬಹುದು ಎಂದು ತಿಳಿಯಿತು. ಅಂದು ಸರ್ವರ್ ಬಂದ್ ಮಾಡಿ, ಸರಿಪಡಿಸಿದ ಆವೃತ್ತಿ ಹಾಕಿದ ಮೇಲೆಯೇ ಬಾಗಿಲು ತೆರೆದೆ.

ಬಾಡಿಗೆಯನ್ನು ಮನೆಗಳು ಹಂಚಿಕೊಳ್ಳುತ್ತವೆ. ಹಣ ಕೊಟ್ಟವರಿಗೆ ಬಲವಾದ ಕತ್ತಿ ಮಾರುವಂಥದ್ದಕ್ಕೆ ಮೈನ್‌ಕ್ರಾಫ್ಟ್‌ನ ನಿಯಮಗಳಲ್ಲೇ ಅವಕಾಶವಿಲ್ಲ, ಇದ್ದಿದ್ದರೂ ನಾನು ಮಾಡುತ್ತಿರಲಿಲ್ಲ. ಶಾಲೆಯ ಗೆಳೆಯರು, ಗೆಳೆಯರ ಗೆಳೆಯರು ಎಂದು ಕೇಳಿಕೊಂಡು ಬರುವವರಿಗೆ ಜಾಗದ ಬದಲು ನನ್ನ ಸೆಟ್ಟಿಂಗ್ ಕಡತಗಳನ್ನು ಕೊಡುತ್ತೇನೆ. ಹೀಗೆ ತೆಗೆದುಕೊಂಡು ಹೋದ ಕಲ್ಯಾಣದ ಒಂದು ಮನೆಯವರು ತಮ್ಮದೇ ಸರ್ವರ್ ನಡೆಸುತ್ತಿದ್ದಾರೆ. ಅವರ ಬ್ಯಾಕಪ್‌ನ ಒಂದು ಪ್ರತಿ ನನ್ನ ಡಿಸ್ಕಿನಲ್ಲಿದೆ, ನನ್ನದು ಅವರಲ್ಲಿದೆ.