ರೋಬಸ್ಟಾ ಕಾಫಿ ಬೀಜ ಮೊಳೆಯದಿದ್ದಾಗ ಕೊನೆಗೆ ಕೆಲಸಕ್ಕೆ ಬಂದ ಕ್ರಮ

ಕಾರ್ಕಳ ಕಡೆಯ ಅಡಿಕೆ ತೋಟದ ನಡುವೆ ನೆಡಲು ಮಾಡಿದ ಪಾತಿ. 60 ದಿನ ಕಳೆದರೂ ನೂರಕ್ಕೆ ಹತ್ತೂ ಮೊಳೆಯಲಿಲ್ಲ. ಅಗೆದು ನೋಡಿದರೆ ಕೆಲವು ಕಲ್ಲಿನಂತೆ ಗಟ್ಟಿ, ಉಳಿದವು ಕೊಳೆತು ಮೆತ್ತಗೆ.

ನೀರು ಹೆಚ್ಚಿಸಿದಾಗ ಕೊಳೆಯುವುದೂ ಹೆಚ್ಚಿತು. ಬಿಸಿನೀರಿನಿಂದ ಪ್ರಯೋಜನವಾಗಲಿಲ್ಲ. ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಹಾರ್ಮೋನಂತೂ ಬೇಡವೇ ಬೇಡ: ಬೇರೆ ಹಲವು ಬೀಜಗಳಿಗೆ ಅದು ಟಾನಿಕ್ಕು, ಕಾಫಿಯಲ್ಲಿ ಹೊರಗಿನಿಂದ ಕೊಟ್ಟರೆ ಭ್ರೂಣದ ಜೀವಕೋಶಗಳೇ ಸಾಯುತ್ತವೆ.

ಮೊದಲ ತಪ್ಪು ಬೀಜವನ್ನು ಅಂಗಳದ ಬಿಸಿಲಿಗೆ ಅಡಿಕೆಯ ಜೊತೆ ಹರಡಿದ್ದು. ಕಾಫಿ ಬೀಜ ಅತಿಯಾಗಿ ಒಣಗಿದರೆ ಜೀವ ಹೋಯಿತೆಂದೇ ಲೆಕ್ಕ. ಪೂರ್ತಿ ಹಣ್ಣಾದದ್ದನ್ನೇ ಕೊಯ್ದು, ಅಂದೇ ಸಿಪ್ಪೆ ಸುಲಿದು, ನೀರಲ್ಲಿ ತೇಲಿದ್ದನ್ನು ಬಿಸಾಡಿ, ಜರಡಿ ಹಿಡಿದ ಬೂದಿ ಬೆರೆಸಿ ನೆರಳಲ್ಲಿ ಆರಿಸಿ. ತಡಮಾಡದೆ ಬಿತ್ತಿ.

ನಿಜವಾಗಿ ಫಲ ಕೊಟ್ಟದ್ದು ಪಾರ್ಚ್‌ಮೆಂಟ್, ಅಂದರೆ ಬೀಜಕ್ಕೆ ಅಂಟಿದ ಗಟ್ಟಿ ಹೊರಸಿಪ್ಪೆ, ತೆಗೆದದ್ದು. ಬೇರಿನ ತುದಿಯ ಎದುರಿನ ಎಂಡೋಸ್ಪರ್ಮನ್ನು (ಭ್ರೂಣವನ್ನು ಸುತ್ತುವರಿದ ಗಟ್ಟಿ ತಿರುಳನ್ನು) ಮ್ಯಾನನೇಸ್ ಕಿಣ್ವ ಮೆದುಗೊಳಿಸಿದ ಮೇಲಷ್ಟೇ ಮೊಳಕೆ ಹೊರಬರುತ್ತದೆ. ಒಳಗೆ ಈ ಕೆಲಸ ನಡೆಯುವಾಗ ಹೊರಗಿನ ಗಟ್ಟಿ ಸಿಪ್ಪೆ ತಡೆ. ಆ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ತುದಿಗೆ ಗಾಯವಾಗಬಾರದು. ನಂತರ 24 ಗಂಟೆ ನೆನೆಹಾಕಿ, ಬೆಳಿಗ್ಗೆ ಸಂಜೆ ನೀರು ಬದಲಿಸಿ. ತೊಳೆದ ಹೊಯ್ಗೆಯಲ್ಲಿ ಚಪ್ಪಟೆ ಬದಿ ಕೆಳಗೆ, 1 ಸೆಂ.ಮೀ. ಆಳ, ಮೇಲೆ ಬೈಹುಲ್ಲು. ಉಷ್ಣತೆಯ ಹದ ಸುಮಾರು 30 ಡಿಗ್ರಿ ಸೆಲ್ಸಿಯಸ್; ಕರಾವಳಿಯಲ್ಲಿ ಅದಕ್ಕೆ ಬೇರೆ ಏರ್ಪಾಡು ಬೇಡ. ನಾಲ್ಕನೇ ವಾರದಲ್ಲಿ ಕೊಕ್ಕೆಯಂತೆ ಬಾಗಿದ ಮೊಳಕೆ ಕಂಡಿತು.