ಹಳೇ ಅಳತೆಯಲ್ಲಿ ನಂಬಿದ್ದೆ

ನಾನು ದಾವಣಗೆರೆಯಲ್ಲಿ ಟೈಲರ್. ಮಂಡಿಪೇಟೆಯಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ ನನ್ನ ಅಂಗಡಿ. ಪ್ಯಾಂಟು, ಶರ್ಟು, ಜೂನ್ ಬಂತೆಂದರೆ ಶಾಲೆಯ ಯೂನಿಫಾರಂ. ಕತ್ತರಿ ಹಿಡಿಯಲು ಕಲಿಸಿದವನು ನನ್ನ ಅಣ್ಣ. ಅವನು 2021ರ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಂಡ.

ಅವನು ಉಳಿದೇ ಉಳಿಯುತ್ತಾನೆ ಅಂತ ನಾನು ಹೇಳಿದ್ದೆ. ನಮ್ಮ ಚರ್ಚಿನ ಸಭೆಯವರೆಲ್ಲ ಫೋನಿನಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದ ದಿನಗಳು ಅವು. ‘ನಮ್ಮ ದೇವರು ಬದಲಾಗುವವನಲ್ಲ, ಅದಕ್ಕೇ ಅಣ್ಣನನ್ನು ಉಳಿಸುತ್ತಾನೆ’ ಅಂತ ಎಲ್ಲರ ಮುಂದೆ ಹೇಳಿದೆ. ಆ ಮಾತಿನ ಮೊದಲರ್ಧ ಸತ್ಯ. ಎರಡನೇ ಅರ್ಧವನ್ನು ನಾನೇ ಸೇರಿಸಿದ್ದೆ. ಇವೆರಡನ್ನೂ ಬಿಡಿಸಿ ನೋಡಲು ನನಗೆ ಎರಡು ವರ್ಷ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಅಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಸೈರನ್ ಕೇಳಿ ಅವ್ವ ಒಲೆ ಹಚ್ಚುತ್ತಿದ್ದಳು. ಸೈರನ್ ಕೇಳಿ ನಾವು ಶಾಲೆಗೆ ಹೊರಡುತ್ತಿದ್ದೆವು. ಅದು ಯಾವತ್ತೋ ಒಂದು ದಿನ ನಿಲ್ಲುತ್ತದೆ ಅಂತ ನಮ್ಮ ಓಣಿಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಆಮೇಲೆ ಒಂದೊಂದೇ ಮಿಲ್ಲು ಮುಚ್ಚಿತು. ಸೈರನ್ ನಿಂತ ಮೇಲೂ ಅಪ್ಪ ಅದೇ ಹೊತ್ತಿಗೆ ಏಳುತ್ತಿದ್ದರು. ಎದ್ದು ಸುಮ್ನೆ ಕಟ್ಟೆ ಮೇಲೆ ಕೂತಿರುತ್ತಿದ್ದರು. 1997ರಲ್ಲಿ ಜಿಲ್ಲೆಯೂ ಬೇರೆಯಾಯಿತು. ಅಲ್ಲಿವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು.

ದುರ್ಗ ಅಂದಾಗ ಒಂದು ನೆನಪು. ಸಂಡೇ ಸ್ಕೂಲಿನಲ್ಲಿ ಬೈಬಲಿನ 46ನೇ ಕೀರ್ತನೆ ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ದೇವರು ನಮಗೆ ಆಶ್ರಯದುರ್ಗ ಅಂತ ಬರುತ್ತದೆ. ಚಿತ್ರದುರ್ಗವನ್ನು ನಾವು ದುರ್ಗ ಅಂತಲೇ ಕರೆಯುವವರು. ಹಾಗಾಗಿ ಕೀರ್ತನೆ ಹೇಳುವಾಗ ನನ್ನ ಕಣ್ಣಿಗೆ ಆ ಏಳು ಸುತ್ತಿನ ಕಲ್ಲಿನ ಕೋಟೆಯೇ ಬರುತ್ತಿತ್ತು. ಒಂದು ಸಲ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಒನಕೆ ಓಬವ್ವನ ಕಿಂಡಿ ತೋರಿಸಿದರು. 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು ಅಂತಲೂ ಹೇಳಿದರು. ನನಗೆ ತುಂಬಾ ಬೇಜಾರಾಯಿತು. ‘ಹಾಗಾದ್ರೆ ದೇವರು ಎಂಥ ದುರ್ಗ ಟೀಚರ್?’ ಅಂತ ಕೇಳಿದೆ. ‘ಬೀಳದೇ ಇರೋ ದುರ್ಗ ಕಣಪ್ಪ’ ಅಂದರು. ಆ ಉತ್ತರ ಇಟ್ಟುಕೊಂಡೇ ಬೆಳೆದೆ.

2009ರಲ್ಲಿ ಅಣ್ಣನಿಗೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಹಳದಿ. ಲಿವರ್ ಕೆಟ್ಟಿದೆ, ಕಷ್ಟ ಅಂದರು. ಮನೆಯಲ್ಲಿ ಮೂರು ದಿನ ಉಪವಾಸ ಪ್ರಾರ್ಥನೆ ಇಟ್ಟೆವು. ಅವನು ಎದ್ದು ಬಂದ. ಒಂದು ತಿಂಗಳಲ್ಲಿ ಹೊಲಿಗೆ ಮಿಷನ್ ಮೇಲೆ ಕೂತ. ಭಾನುವಾರ ಸಭೆಯಲ್ಲಿ ದೇವರು ಹೀಗೆ ಉಳಿಸಿದ ಅಂತ ನಾನೇ ಸಾಕ್ಷಿ ಹೇಳಿದೆ. ಆ ಸಾಕ್ಷಿಯನ್ನು ಆಮೇಲೆ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ. ಅದು ನಿಜವಾಗಿ ನಡೆದದ್ದು. ಇವತ್ತೂ ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಹನ್ನೆರಡು ವರ್ಷ ಆದ ಮೇಲೆ ಅವನು ಮತ್ತೆ ಆಸ್ಪತ್ರೆ ಸೇರಿದಾಗ ನನಗೆ ಹೆದರಿಕೆಯೇ ಆಗಲಿಲ್ಲ. ಆಗ ಉಳಿಸಿದ ದೇವರು ಈಗಲೂ ಅವನೇ ಅಲ್ವಾ. ಎಂಟನೇ ದಿನ ಅಣ್ಣ ವಿಡಿಯೋ ಕಾಲ್ ಮಾಡಿದ. ಮಾಸ್ಕ್ ಸರಿಸಿ ಏನೋ ಹೇಳಲು ಹೊರಟ. ಮಗನ ಫೀಸಿನ ವಿಷಯ, ಯಾರಿಗೋ ಕೊಡಬೇಕಾದ ದುಡ್ಡು. ‘ಅದೆಲ್ಲ ಮನೆಗೆ ಬಂದ ಮೇಲೆ ಮಾತಾಡೋಣ ಅಣ್ಣಾ, ನೀನು ಬಂದೇ ಬರ್ತೀಯ’ ಅಂದೆ. ಅತ್ತಿಗೆಗೂ ಅಳಬೇಡ ಅಂದೆ. ಅವಳು ಅಳು ನುಂಗಿಕೊಂಡು ನಕ್ಕಳು. ಹನ್ನೊಂದನೇ ದಿನ ಅವನು ಹೋದ. ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು.

ನನ್ನ ನಂಬಿಕೆ ಎಂದುಕೊಂಡದ್ದು ಒಬ್ಬ ಸಾಯುತ್ತಿರುವ ಮನುಷ್ಯನ ಬಾಯಿ ಮುಚ್ಚಿಸಿತು. ಇದನ್ನು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ನಲವತ್ತು ದಿನ ಕಳೆದ ಮೇಲೆ ಅತ್ತಿಗೆ ಕೇಳಿದಳು. ‘ಆವಾಗ ಇದ್ದ ದೇವರು ಈ ಸಲ ಎಲ್ಲಿಗೆ ಹೋಗಿದ್ದ?’ ನನ್ನಲ್ಲಿ ಉತ್ತರ ಇರಲಿಲ್ಲ. ಆರಾಧನೆಗೆ ಹೋಗುತ್ತಿದ್ದೆ, ಹಾಡುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಒಂದು ರಾತ್ರಿ ಅಪ್ಪನ ಹಳೇ ಬೈಬಲ್ ತೆಗೆದೆ. 102ನೇ ಕೀರ್ತನೆ ಸಿಕ್ಕಿತು. ಕುಗ್ಗಿಹೋದ ಒಬ್ಬನು ದೇವರ ಮುಂದೆ ಸಂಕಟ ತೋಡಿಕೊಳ್ಳುವ ಪ್ರಾರ್ಥನೆ ಅಂತ ಅದರ ಮೇಲೇ ಬರೆದಿದೆ. ಅವನಿಗೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಮಾಳಿಗೆ ಮೇಲೆ ಒಂಟಿಯಾಗಿ ಕೂತ ಪಕ್ಷಿಯ ಹಾಗಿದ್ದೇನೆ ಅನ್ನುತ್ತಾನೆ. ಕುಡಿಯುವ ನೀರಿಗೆ ಕಣ್ಣೀರು ಬೆರೆಯುತ್ತದೆ ಅನ್ನುತ್ತಾನೆ. ಕೊನೆಗೆ ಒಂದು ಮಾತು ಬರುತ್ತದೆ. ಭೂಮಿ, ಆಕಾಶ ಎಲ್ಲ ಬಟ್ಟೆಯ ಹಾಗೆ ಹಳೆಯದಾಗುತ್ತವೆ. ದೇವರು ಅವನ್ನು ಉಡುಪಿನ ಹಾಗೆ ಬದಲಾಯಿಸುತ್ತಾನೆ. ಅವನು ಮಾತ್ರ ಹಾಗೇ ಇರುತ್ತಾನೆ.

ಅಪ್ಪ ಬಟ್ಟೆ ನೇಯ್ದವರು, ನಾನು ಬಟ್ಟೆ ಹೊಲಿಯುವವನು. ಬಟ್ಟೆ ಹೇಗೆ ಹಳೆಯದಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಕಾಲರ್ ಅಂಚು ಸವೆಯುತ್ತದೆ. ಆಮೇಲೆ ಮೊಣಕೈ. ಆಮೇಲೆ ದಾರ ಹಿಡಿಯುವುದಿಲ್ಲ, ಹೊಲಿದಲ್ಲೇ ಹರಿಯುತ್ತದೆ. ಅಂಥ ಬಟ್ಟೆಗೆ ಆಕಾಶವನ್ನು ಹೋಲಿಸಿದ್ದು ಓದಿ ಆ ರಾತ್ರಿ ತುಂಬಾ ಹೊತ್ತು ಕೂತಿದ್ದೆ. ಆ ಕೀರ್ತನೆಯಲ್ಲಿ ದೇವರು ಕಷ್ಟ ಕಳೆದ ಅಂತ ಎಲ್ಲೂ ಬರೆದಿಲ್ಲ. ಆದರೂ ಅದನ್ನು ಹೇಳಿದವನು ದೇವರನ್ನು ಹಿಡಿದುಕೊಂಡಿದ್ದಾನೆ. ಬಟ್ಟೆಯ ಆ ಮಾತನ್ನೇ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ ಮೊದಲನೇ ಅಧ್ಯಾಯ ಯೇಸುವಿನ ಬಗ್ಗೆ ಹೇಳುತ್ತದೆ. ಯೇಸು ನಿನ್ನೆ ಇದ್ದ ಹಾಗೇ ಇವತ್ತೂ ಇದ್ದಾನೆ ಅನ್ನುವ ವಾಕ್ಯ ಅದೇ ಪತ್ರದ 13ನೇ ಅಧ್ಯಾಯದಲ್ಲಿದೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲೇ ಇತ್ತು. ಇರುತ್ತಾನೆ ಅನ್ನುತ್ತದೆ ಆ ವಾಕ್ಯ. ಹೋದ ಸಲ ಮಾಡಿದ್ದನ್ನೇ ಈ ಸಲವೂ ಮಾಡುತ್ತಾನೆ ಅನ್ನುವುದಿಲ್ಲ. ಎಷ್ಟು ವರ್ಷ ನೋಡಿಯೂ ನಾನು ಅದನ್ನು ಓದಿರಲಿಲ್ಲ.

ಆಮೇಲೆ ಯೇಸುವಿನ ಶಿಷ್ಯರ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ. ನನ್ನನ್ನು ಜಾಸ್ತಿ ಅಲುಗಾಡಿಸಿದ್ದು ಅದು. ಶಿಷ್ಯ ಪೇತ್ರನನ್ನು ದೇವದೂತನು ಸೆರೆಮನೆಯಿಂದ ಬಿಡಿಸಿದ ಕಥೆ ಎಲ್ಲರಿಗೂ ಗೊತ್ತು. ಅದೇ ಅಧ್ಯಾಯದ ಶುರುವಿನಲ್ಲಿ ಇನ್ನೊಬ್ಬ ಶಿಷ್ಯನನ್ನು, ಯೋಹಾನನ ಅಣ್ಣ ಯಾಕೋಬನನ್ನು, ಹೆರೋದ ರಾಜನು ಕತ್ತಿಯಿಂದ ಕೊಲ್ಲಿಸುತ್ತಾನೆ. ಒಂದೇ ಊರು, ಒಂದೇ ರಾಜ, ಒಬ್ಬನೇ ದೇವರು. ಒಬ್ಬ ಬದುಕಿ ಬಂದ, ಒಬ್ಬ ಬರಲಿಲ್ಲ. ಯಾಕೆ ಅಂತ ಅದನ್ನು ಬರೆದ ಲೂಕ ಒಂದು ಸಾಲೂ ಬರೆದಿಲ್ಲ. ಪೇತ್ರನನ್ನು ಬಿಡಿಸಿದ ದಿನ ದೇವರಿಗೆ ಶಕ್ತಿ ಇತ್ತು, ಯಾಕೋಬ ಸತ್ತ ದಿನ ಇರಲಿಲ್ಲ ಅಂತ ಯಾರು ಹೇಳಲು ಸಾಧ್ಯ? ಅವತ್ತು ಯೋಹಾನನೂ ನನ್ನ ಹಾಗೇ ಅಣ್ಣನನ್ನು ಕಳೆದುಕೊಂಡ ತಮ್ಮ ಅನ್ನುವುದು ಅಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಗಿರಾಕಿ ಬಂದು ‘ಹಳೇ ಅಳತೆ ಇದೆಯಲ್ಲ, ಅದರಲ್ಲೇ ಹೊಲಿ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಟೇಪನ್ನೂ ಆಗಾಗ ಕಬ್ಬಿಣದ ಸ್ಕೇಲಿಗೆ ಹಿಡಿದು ನೋಡಬೇಕು. ಬಟ್ಟೆ ಟೇಪು ಎಳೆದೂ ಎಳೆದೂ ಉದ್ದ ಆಗುತ್ತದೆ. ಒಂದು ಸಲ ನನ್ನ ಟೇಪಿನಲ್ಲಿ ಕಾಲಿಂಚು ಹೆಚ್ಚಿತ್ತು, ಆರು ಪ್ಯಾಂಟು ಹೊಲಿದ ಮೇಲೆ ಗೊತ್ತಾಯಿತು. 2009ರ ಆ ಒಂದು ಉತ್ತರವನ್ನು ನಾನು ಟೇಪು ಮಾಡಿಕೊಂಡಿದ್ದೆ. ಅದರಿಂದ ದೇವರನ್ನು ಅಳೆಯುತ್ತಿದ್ದೆ. ಸ್ಕೇಲು ಬೇರೆಯೇ ಇದೆ ಅಂತ ತಿಳಿದದ್ದು ಆಮೇಲೆ.

ಸ್ಕೇಲು ಎಲ್ಲಿದೆ ಅಂತ ಹುಡುಕುವಾಗ ಬೈಬಲಿನ ವಿಮೋಚನಕಾಂಡದ 34ನೇ ಅಧ್ಯಾಯ ಸಿಕ್ಕಿತು. ಇಸ್ರಾಯೇಲ್ಯರು ಚಿನ್ನದ ಕರು ಮಾಡಿ ಕೆಟ್ಟ ಮೇಲೆ ದೇವರು ತಾನು ಯಾರು ಅಂತ ಮೋಶೆಗೆ ತಾನೇ ಹೇಳುತ್ತಾನೆ. ಕನಿಕರ ಉಳ್ಳವನು, ದಯೆ ಉಳ್ಳವನು, ಬೇಗ ಕೋಪಗೊಳ್ಳದವನು, ಪ್ರೀತಿಯೂ ನಂಬಿಗಸ್ತಿಕೆಯೂ ತುಂಬಿದವನು. ತಪ್ಪನ್ನು ಕ್ಷಮಿಸುವವನು, ಆದರೆ ತಪ್ಪನ್ನು ಸುಮ್ನೆ ಬಿಟ್ಟುಬಿಡುವವನಲ್ಲ. ಇದನ್ನು ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಅಂಗಡಿ ತೆಗೆದು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕುತ್ತೇನೆ. ಅದು ಕಾಯುವಷ್ಟು ಹೊತ್ತು ಆ ಹಾಳೆ ತೆಗೆದು ಒಂದು ಮಾತನ್ನು ದೇವರಿಗೇ ವಾಪಸ್ ಹೇಳುತ್ತೇನೆ. ‘ನೀನು ಕನಿಕರ ಉಳ್ಳವನು.’ ಮೊದಲ ಮೂರು ತಿಂಗಳು ಏನನ್ನೂ ಕೇಳಲಿಲ್ಲ. ಕೇಳಲು ಬಾಯಿ ಬರುತ್ತಿರಲಿಲ್ಲ. ಹೇಳುವುದು ಮಾತ್ರ ಬಿಡಲಿಲ್ಲ. ಬಹಳ ದಿನ ಒಳಗೆ ಏನೂ ಅನಿಸಲಿಲ್ಲ. ಆದರೆ ನನಗೆ ಅನಿಸದ ದಿನವೂ ಆ ಮಾತು ಸುಳ್ಳಾಗುವುದಿಲ್ಲ. ಇದೇ ನನಗೆ ಸಿಕ್ಕ ಮೊದಲ ಆಸರೆ. ನನ್ನ ಮನಸ್ಸು ದಿನಕ್ಕೆ ಹತ್ತು ಸಲ ಬದಲಾಗುತ್ತದೆ. ಅದನ್ನು ಹಿಡಿದುಕೊಂಡರೆ ನಿಲ್ಲಲು ಆಗುವುದಿಲ್ಲ.

ಕೇಳುವುದು ನಿಧಾನವಾಗಿ ವಾಪಸ್ ಬಂತು. ಈಗ ಬೇರೆ ತರ ಕೇಳುತ್ತೇನೆ. ದಾನಿಯೇಲನ ಪುಸ್ತಕದಲ್ಲಿ ರಾಜನ ವಿಗ್ರಹಕ್ಕೆ ಅಡ್ಡಬೀಳಲು ಒಪ್ಪದ ಮೂವರು ಬೆಂಕಿಯ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲ ಅನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸದೆ, ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಅನ್ನುತ್ತಾರೆ. ಮೊದಲ ಮಾತಿನಲ್ಲಿ ದೇವರ ಶಕ್ತಿ ಇದೆ, ಎರಡನೆಯದರಲ್ಲಿ ಅವರ ನಂಬಿಕೆ ಇದೆ. ನಾನು 2021ರಲ್ಲಿ ಮೊದಲನೆಯದನ್ನು ಕೂಗಿ ಹೇಳಿದೆ, ಎರಡನೆಯದನ್ನು ಅಪನಂಬಿಕೆ ಎಂದುಕೊಂಡೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ‘ತಂದೆಯೇ, ನಿನಗೆ ಎಲ್ಲವೂ ಸಾಧ್ಯ’ ಅಂತ ಶುರು ಮಾಡಿ ‘ಆದರೂ ನನ್ನ ಚಿತ್ತದಂತಲ್ಲ’ ಅಂತ ಮುಗಿಸಿದ. ತೆಗೆದುಬಿಡು ಅಂತ ಅವನು ಕೇಳಿದ ಆ ಕಷ್ಟದ ಬಟ್ಟಲು ಅವನಿಂದ ದೂರ ಹೋಗಲಿಲ್ಲ. ಶಿಲುಬೆಯ ಮೇಲೆ ಸತ್ತ. ಮೂರನೇ ದಿನ ಎದ್ದ. ದೇವರ ಶಕ್ತಿ ಅಂದರೆ ಈಗ ನನಗೆ ಮೊದಲು ನೆನಪಾಗುವುದು ಆ ಖಾಲಿ ಸಮಾಧಿ. ಅಣ್ಣನ ಕಾಮಾಲೆ ವಾಸಿಯಾದದ್ದು ಆಮೇಲೆ. ಅಣ್ಣ ಏಳುವ ದಿನವೂ ಆ ಶಕ್ತಿಯ ಕೈಯಲ್ಲೇ ಇದೆ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ.

ಅಣ್ಣನ ಮಗ ಒಂದು ದಿನ ಅಂಗಡಿಗೆ ಬಂದು ಪ್ರಶ್ನೆ ಹಾಕಿದ. ‘ಚಿಕ್ಕಪ್ಪ, ದೇವರು ಬದಲಾಗಲ್ಲ ಅಂತೀರ. ನಿನೆವೆ ಪಟ್ಟಣ ಹಾಳು ಮಾಡ್ತೀನಿ ಅಂದು ಆಮೇಲೆ ಬಿಟ್ಟುಬಿಟ್ಟನಲ್ಲ?’ ಒಳ್ಳೇ ಪ್ರಶ್ನೆ. ಇಬ್ಬರೂ ಕೂತು ಯೋನನ ಪುಸ್ತಕ ಓದಿದೆವು. ಬದಲಾದವರು ನಿನೆವೆಯವರು. ದೇವರು ಅವರನ್ನು ಉಳಿಸಿದ್ದಕ್ಕೆ, ಎಚ್ಚರಿಕೆ ಹೇಳಲು ಹೋಗಿದ್ದ ಪ್ರವಾದಿ ಯೋನನಿಗೆ ಸಿಟ್ಟು. ‘ನೀನು ಕನಿಕರ ಉಳ್ಳವನು, ಬೇಗ ಕೋಪಗೊಳ್ಳದವನು ಅಂತ ನನಗೆ ಮೊದಲೇ ಗೊತ್ತಿತ್ತು’ ಅಂತ ದೇವರ ಜೊತೆ ಜಗಳ ಆಡುತ್ತಾನೆ. ಮೋಶೆಗೆ ಹೇಳಿದ ಅದೇ ಮಾತುಗಳು, ನೂರಾರು ವರ್ಷ ಆದ ಮೇಲೆ. ಅಳತೆ ಪುಸ್ತಕದ ಹಾಳೆ ತೆಗೆದು ಅವನ ಮುಂದೆ ಇಟ್ಟೆ. ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಮಲಾಕಿಯ 3ನೇ ಅಧ್ಯಾಯವನ್ನೂ ತೋರಿಸಿದೆ. ನಾನು ಮಾರ್ಪಡುವವನಲ್ಲ, ಅದಕ್ಕೇ ನೀವು ನಾಶವಾಗಲಿಲ್ಲ ಅಂತ ಅಲ್ಲಿದೆ. ದೇವರು ಬದಲಾಗದೇ ಇರುವುದರಿಂದ ನಾವು ಉಳಿದಿದ್ದೇವೆ. ಕಲ್ಲಿನ ಹಾಗೆ ಮನಸ್ಸು ಕರಗದವನು ಅಂತ ಅದರ ಅರ್ಥ ಅಲ್ಲ.

ಅತ್ತಿಗೆಯ ಹತ್ತಿರ ಕ್ಷಮೆ ಕೇಳಲು ಇನ್ನೂ ಸಮಯ ಹಿಡಿಯಿತು. 2023ರ ಕ್ರಿಸ್‌ಮಸ್ ಮುಂಚೆ ಹೋಗಿ ಹೇಳಿದೆ. ‘ಅವತ್ತು ಅಣ್ಣನಿಗೆ ಮಾತಾಡಲು ಬಿಡಬೇಕಿತ್ತು ಅತ್ತಿಗೆ. ದೇವರ ಹೆಸರಲ್ಲಿ ನನ್ನ ಮಾತು ಹೇಳಿದೆ.’ ಅವಳು ಬಹಳ ಹೊತ್ತು ಸುಮ್ಮನಿದ್ದಳು. ‘ನನಗೂ ಅವತ್ತು ಅದೇ ಕೇಳಬೇಕಾಗಿತ್ತಪ್ಪ. ನಿಂದೊಬ್ಬಂದೇ ತಪ್ಪಲ್ಲ’ ಅಂದಳು. ಚಹಾ ಕೊಟ್ಟಳು. ಸತ್ತ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಅತ್ತದ್ದು ಅವಳೇ ನೆನಪಿಸಿದಳು. ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ, ಅಲ್ವಾ ಅಂದಳು. ಅದನ್ನು ನಾನು ಅವಳಿಂದ ಕಲಿತೆ.

ಈಗ ನಮ್ಮ ಸಭೆಯ ಒಬ್ಬ ಹಿರಿಯಮ್ಮನಿಗೆ ಡಯಾಲಿಸಿಸ್ ನಡೆಯುತ್ತಿದೆ. ಪ್ರಾರ್ಥನೆಗೆ ನನ್ನನ್ನೂ ಕರೆಯುತ್ತಾರೆ. ವಾಸಿ ಮಾಡು ತಂದೆಯೇ ಅಂತ ಈಗಲೂ ಬಾಯಿ ತುಂಬ ಕೇಳುತ್ತೇನೆ, ಅದರಲ್ಲಿ ಸಂಕೋಚ ಇಲ್ಲ. ಕೇಳಿದ ಮೇಲೆ ಬೈಬಲ್ ಮುಚ್ಚಿ, ‘ಏನಾದ್ರೂ ಹೇಳೋದಿದ್ರೆ ಹೇಳಮ್ಮಾ’ ಅನ್ನುತ್ತೇನೆ. ಹೋದ ವಾರ ಅವರು ತಮ್ಮ ಎರಡು ರೇಷ್ಮೆ ಸೀರೆ ಯಾವ ಮೊಮ್ಮಗಳಿಗೆ ಯಾವುದು ಅಂತ ಹೇಳಿದರು. ಬರೆದುಕೊಂಡೆ. ಶುಕ್ರವಾರ ಮತ್ತೆ ಹೋಗುತ್ತೇನೆ.